ಏಳನೆಯ ಹಾಡು

"ಅದನ್ನ ಇಲ್ಲಿ ಕೊಡ್ರಿ," ಎಂದು ಬಡೇಸಾಬ ಕೈ ಚಾಚುವಷ್ಟರಲ್ಲಿ ಸುಂಕಣ್ಣ ಸಿಡಿಯನ್ನು ಟ್ರ್ಯಾಕ್ಟರಿನ ಪ್ಲೇಯರಿಗೆ ತುರುಕಿಬಿಟ್ಟಿದ್ದ. ಸುಂಕಣ್ಣ ಸತ್ತವನ ದೊಡ್ಡಪ್ಪನ ಮಗ.

"ಯಾಕ್ರಿ ಸಾಬ್ರ? ನೀವ ಮಾಡಿಕೊಟ್ಟಿದ್ದು. ನನ್ನ ತಮ್ಮ ತನ್ನ ಹಾಡು ಕೇಳಿಕೋಂತನ ಹೋಗ್ಲಿ."

"ಗೀಚಿರ್ತೈತಿ. ಲಾರಿ ಬಿದ್ದೈತಲ್ಲ..."

"ಒಂದು ಗೀರಿಲ್ಲ. ನಾನ ಲಾರಿಯಾಗಿಂದ ತೆಗೆದು ಒರೆಸೀನಿ."

ಟ್ರೇಲರಿನಲ್ಲಿ ಉಜ್ಜಿನಪ್ಪನ ಹೆಣ ಇತ್ತು. ಮುಖ ಕಾಣದಂತೆ ಬಟ್ಟೆ, ಮೇಲೆ ಚೆಂಡುಹೂ. ಹೆಂಡತಿ ವಿರೂಪಮ್ಮ ಹೆಣ ಅಲುಗದಂತೆ ಕೈ ಒತ್ತಿ ಪಕ್ಕದಲ್ಲಿ ಕೂತಿದ್ದಳು. ನಿನ್ನೆ ಇಳಿಹೊತ್ತಿನಲ್ಲಿ, ನೆಟ್ಟಗಿದ್ದ ರಸ್ತೆಯಲ್ಲಿ, ಎದುರಿಗೆ ಯಾವ ಗಾಡಿಯೂ ಇಲ್ಲದಾಗ, ಅದಿರು ತುಂಬಿದ ಅವನ ಲಾರಿ ಸೇತುವೆಯ ಕಟ್ಟೆ ಒಡೆದು ಹಳ್ಳಕ್ಕೆ ಬಿದ್ದಿತ್ತು. ಬ್ರೇಕು ಒತ್ತಿದ ಗುರುತೇ ಇಲ್ಲವೆಂದು ಪೊಲೀಸರು ಹೇಳಿದ್ದರು.

ಮೊದಲ ಹಾಡು ಶುರುವಾಯಿತು. ಟ್ರ್ಯಾಕ್ಟರ್ ಕುರುಗೋಡಿನ ಬಜಾರಿನ ಕಡೆ ಹೊರಟಿತು. ಬಡೇಸಾಬ ಪಕ್ಕದಲ್ಲೇ ನಡೆದ. ಆ ಸಿಡಿಯಲ್ಲಿ ಮೂವತ್ತು ಹಾಡಿದ್ದವು. ಮೊದಲ ಆರನ್ನು ಬಿಟ್ಟರೆ ಉಳಿದವು ಹಾಡುತ್ತವೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಬೇರೆಯವರಿಗೆ ಗೊತ್ತಾಗುವ ಮೊದಲು ಅದನ್ನು ಇಸಿದುಕೊಂಡು ಹೋಗಲೆಂದೇ ಬಳ್ಳಾರಿಯಿಂದ ಮೊದಲ ಬಸ್ಸಿಗೆ ಬಂದಿದ್ದ.

*

ಉಜ್ಜಿನಪ್ಪ ಮೊದಲು ಸಿರುಗುಪ್ಪದ ರೈಸ್ ಮಿಲ್ಲಿನ ಲಾರಿ ಓಡಿಸುತ್ತಿದ್ದ. ಹಮಾಲರು ಭತ್ತ ಇಳಿಸುವ ತನಕ ಮಲಗಲು ಹೊತ್ತಿರುತ್ತಿತ್ತು. ಅದಿರಿಗೆ ಬಂದ ಮೇಲೆ, ಮಲಗುವವನಿಗೆ ಲಾರಿ ಕೊಡುವವರೇ ಇರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಬಡೇಸಾಬನ ಸಿಡಿ ಅಂಗಡಿಗೆ ತಿಂಗಳಿಗೊಮ್ಮೆ ಬರುತ್ತಿದ್ದ, ರೆಪ್ಪೆಗೆ ಮೆತ್ತಿದ ಕೆಂಪು ಧೂಳಿನ ಸಮೇತ.

ನಿನ್ನೆ ಇಳಿಹೊತ್ತಿಗೂ ಬಂದಿದ್ದ. "ಅಣ್ಣಾ, ಹಾಡು ನಡೆಯೋತನಕ ಎಚ್ಚರ ಇರ್ತೀನಿ. ನಿಂತ್ರ ಕಣ್ಣು ತಾವ ಮುಚ್ಚತಾವು. ಉದ್ದಂದು ಮಾಡಿಕೊಡು."

ಆರು ಹಳೆಯ ಹಾಡಿಗೆ ತೊಡಕಿರಲಿಲ್ಲ. ಇಂಟರ್ನೆಟ್ಟಿನಿಂದ ಕೊಂಡು ಇಳಿಸಿದ ಇಪ್ಪತ್ನಾಲ್ಕು ಹೊಸ ಹಾಡು ಕಂಪ್ಯೂಟರಿನಲ್ಲಿ ಹಾಡುತ್ತಿದ್ದವು, ಸಿಡಿಗೆ ಹೋಗುತ್ತಿರಲಿಲ್ಲ. ಮಾರಿದವರು ನಕಲಾಗದಂತೆ ಬೀಗ ಹಾಕಿದ್ದರು. ದಾರಿ ಬಡೇಸಾಬನಿಗೆ ಗೊತ್ತಿತ್ತು: ಒಂದೊಂದೇ ಹಾಡು ಪೂರ್ತಿ ಹಾಡಿಸಿ, ಅದನ್ನು ಮತ್ತೆ ರೆಕಾರ್ಡು ಮಾಡಬೇಕು.

"ಎರಡು ತಾಸು ಹಿಡಿತೈತಿ. ಕುಂಡ್ರು."

"ಎರಡು ತಾಸಾ? ಅದಿರು ಒಯ್ಯೋ ಪರ್ಮಿಟ್ ಟೈಮ್ ಮುಗೀತೈತಿ. ಲಗೂ ಏನಾರ ಮಾಡಣ್ಣ."

ಬಡೇಸಾಬನಿಗೆ ಸಿಟ್ಟು ಬಂತು. "ಎಲ್ಲಾರಿಗೂ ಲಗೂನ ಬೇಕು!" ಎಂದು ಗೊಣಗಿ ಫೈಲುಗಳ ಹೆಸರಿನ ಕೊನೆಯ ಮೂರಕ್ಷರ ಬದಲಿಸಿದ. ಒಳಗಿನ ಬೀಗ ಹಾಗೇ ಉಳಿಯಿತು, ಕಂಪ್ಯೂಟರ್ ಮಾತ್ರ ಮೋಸ ಹೋಯಿತು. ಐದು ನಿಮಿಷಕ್ಕೆ ಸಿಡಿ ತಯಾರು. ಮೇಜಿನ ಮೇಲಿದ್ದ ಲಾರಿ ಪ್ಲೇಯರಿಗೆ ಹಾಕಿ ನೋಡದೆ ಅವನು ಯಾರಿಗೂ ಸಿಡಿ ಕೊಟ್ಟವನಲ್ಲ. ನಿನ್ನೆ ಕೊಟ್ಟ.

*

"ಅವ ಹಾಡಿದ್ರ ಎಮ್ಮಿ ದಾರಿ ಬಿಡ್ತಿದ್ದವು," ಎಂದ ಮರಿಬಸಪ್ಪ. ಅವನೂ ಅದಿರಿನ ಲಾರಿಯವನೇ. ನಾಲ್ಕನೆಯ ಹಾಡು ನಡೆದಿತ್ತು.

"ಲೇ, ಅದಕ್ಕ ಅವನ ಲಾರಿಗೆ ಹಾರ್ನ್ ಇರಲಿಲ್ಲ," ಎಂದು ಸುಂಕಣ್ಣ ನಕ್ಕು, ಕಣ್ಣು ಒರೆಸಿಕೊಂಡ.

"ಸುಂಕಣ್ಣ, ಹಾಡು ಸಾಕು. ಹಲಗಿ ಬಡೀಲಿ," ಎಂದ ಬಡೇಸಾಬ.

ವಿರೂಪಮ್ಮ ಮೇಲಿಂದಲೇ ಹೇಳಿದಳು: "ಬ್ಯಾಡ್ರಿ ಯಣ್ಣಾ. ಹೊಸಾ ಹಾಡು ಸಿಕ್ಕಾವು ಅಂತ ಇವ್ರು ಅಂಗಡಿಯಿಂದನ ಫೋನ್ ಮಾಡಿದ್ರು. ಎಲ್ಲಾ ಕೇಳ್ತೀನಿ ನಾನು."

ಐದು ಮುಗಿಯಿತು. ಆರೂ ಮುಗಿಯಿತು. ಪ್ಲೇಯರಿನ ಹಸಿರು ಅಂಕಿ ಏಳಕ್ಕೆ ಬಂತು. ಇಂಜಿನ್ನಿನ ಸದ್ದು, ಚಪ್ಪಲಿಗಳ ಸದ್ದು, ಅಷ್ಟೇ.

ಸುಂಕಣ್ಣ ಪ್ಲೇಯರಿಗೆ ಒಂದೇಟು ಹಾಕಿದ. "ಹತ್ತಿ ನೋಡ್ರಿ ಸಾಬ್ರ. ನಿಮ್ಮ ಕೆಲಸ ಇದು."

ಬಡೇಸಾಬ ಹತ್ತಿದ. ಗುಂಡಿ ಒತ್ತಿದ. ಎಂಟು. ಒತ್ತಿದ. ಒಂಬತ್ತು.

"ಬಡೀಲೇನ್ರಿ?" ಎಂದು ಹಲಗೆಯವನು ಕೇಳಿದ.

"ಆರ ಹಾಡು," ಎಂದ ಮರಿಬಸಪ್ಪ, ತನ್ನಷ್ಟಕ್ಕೆ ಎಂಬಂತೆ. "ಅರ್ಧ ತಾಸು. ಕೌಲ್ ಬಜಾರ ಬಿಟ್ರ ಆ ಸೇತುವಿಗೂ ಅಷ್ಟ."

ಹತ್ತು. ಹನ್ನೊಂದು. ಹನ್ನೆರಡು. ವಿರೂಪಮ್ಮ ಅಂಕಿ ನೋಡುವುದನ್ನು ಬಿಟ್ಟು, ಗುಂಡಿ ಒತ್ತುತ್ತಿದ್ದ ಬೆರಳನ್ನು ನೋಡತೊಡಗಿದಳು.