ಹಸಿರು ಪರದೆಯ ಕೋಣೆ

ನಮ್ಮ ವಠಾರದಲ್ಲಿ ಹನ್ನೊಂದು ಮನೆಗೆ ಒಂದೇ ನಲ್ಲಿ. ಅದೂ ದಿನ ಬಿಟ್ಟು ದಿನ. ಕಾಲರ್ ಅಕ್ಕ ಎಲ್ಲರಿಗಿಂತ ಮೊದಲು ಎದ್ದು, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು, ಪಕ್ಕದಲ್ಲೇ ತೂಕಡಿಸುತ್ತಾಳೆ. ಹದಿನೇಳು ವರ್ಷ ಒಂದೇ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿದವಳು. ನಾನು ಅವಳ ಪಕ್ಕದ ಮಿಷನ್ನಿನಲ್ಲಿ ಗುಂಡಿ ಹಾಕುವವಳು.

ಅಂಥವಳ ಕೈಗೆ ಮ್ಯಾನೇಜರ್ ಒಂದು ಫೋಟೋ ಕೊಟ್ಟ. ಬೆಳಕು ತುಂಬಿದ ಕೋಣೆ, ಕಿಟಕಿಗೆ ಹಸಿರು ಪರದೆ, ಒಳಗೇ ನಲ್ಲಿ.

"ಬೇರೆ ಊರಲ್ಲಿರೋ ನಮ್ಮ ಇನ್ನೊಂದು ಕಾರ್ಖಾನೆಗೆ ಹೋಗೋರಿಗೆ ಈ ಕೋಣೆ ಕಣಮ್ಮ. ದಿನವಿಡೀ ನೀರು. ಇಲ್ಲಿ ರಾಜೀನಾಮೆ ಕೊಡಿ, ಅಲ್ಲಿ ಹೊಸದಾಗಿ ಸೇರ್ಕೊಳ್ಳಿ. ಸೋಮವಾರ ಸೈನ್ ಹಾಕಿ."

"ಹೊಸದಾಗಿ ಅಂದ್ರೆ, ನನ್ನ ಹದಿನೇಳು ವರ್ಷ?"

"ನೀರು ಬೇಕೋ, ಸರ್ವೀಸು ಬೇಕೋ?"

ಸರ್ವೀಸು ಹೋದರೆ ಕೆಲಸ ಬಿಡುವ ದಿನ ಬರಿಗೈ. ಅಕ್ಕನಿಗೆ ಅದು ಗೊತ್ತು. ಆದರೆ ಬಿಂದಿಗೆ ಹೊತ್ತ ಸೊಂಟ ಕೇಳಬೇಕಲ್ಲ.

"ನೋಡ್ಕೊಂಡಾದ್ರೂ ಬರೋಣ ಬಾರೇ," ಎಂದಳು.

ಭಾನುವಾರ ಐದು ತಾಸು ಬಸ್ಸಿನಲ್ಲಿ ಕೂತು ಹೋದೆವು. ಆ ಊರಿನ ರಸ್ತೆ ನಮ್ಮೂರಿಗಿಂತ ಅಗಲ, ಸೊಳ್ಳೆ ನಮ್ಮೂರಿಗಿಂತ ದಪ್ಪ. ಕಾರ್ಖಾನೆಯ ಹಿಂದಿನ ವಠಾರದಲ್ಲಿ ನಲ್ಲಿಯೇ ಇಲ್ಲ. ಟ್ಯಾಂಕರಿಗೆ ಕಾದ ಕೊಡಗಳ ಸಾಲು. ಅಕ್ಕ ಒಂದೊಂದೇ ಕಿಟಕಿ ನೋಡುತ್ತ ನಡೆದಳು.

"ಏನಮ್ಮ ಹುಡುಕ್ತಿದೀಯ?" ಸಾಲಿನಲ್ಲಿದ್ದ ನರೆಗೂದಲಿನ ಹೆಂಗಸು ಕೇಳಿದಳು. ಅದೇ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವವಳಂತೆ.

"ಹಸಿರು ಪರದೆ ಕೋಣೆ ಅಕ್ಕಾ. ಇವರದೇ ಇನ್ನೊಂದು ಕಾರ್ಖಾನೆಲಿ ಕಾಲರ್ ಹೊಲಿಯೋಳು ನಾನು."

"ಒಳಗೇ ನಲ್ಲಿ ಇರೋದಾ? ಅದು ನಿಮ್ಮೂರಲ್ಲಿದೆ ಅಂದ್ರಲ್ಲ ನಮಗೆ." ಸೆರಗಿನ ಗಂಟು ಬಿಚ್ಚಿ ಅದೇ ಫೋಟೋ ತೆಗೆದಳು. "ನಾಳೆ ಸೈನ್ ಹಾಕ್ಬೇಕು. ಇಪ್ಪತ್ತೆರಡು ವರ್ಷ ಆಯ್ತು ನಂದು."

ಅಕ್ಕ ನಗಲು ಹೋಗಿ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಇಲ್ಲಿಯವರನ್ನು ಅಲ್ಲಿಗೆ, ಅಲ್ಲಿಯವರನ್ನು ಇಲ್ಲಿಗೆ ಅದಲುಬದಲು ಮಾಡಿ ಎಲ್ಲರ ವರ್ಷಗಳನ್ನೂ ನುಂಗಿ ನೀರು ಕುಡಿಯುವ ಉಪಾಯ. ಟ್ಯಾಂಕರ್ ಬರುವಷ್ಟರಲ್ಲಿ ನಾವು ಮೂವರೂ ಸೋಮವಾರ ಹತ್ತು ಗಂಟೆಗೆಂದು ಮಾತಾಡಿ ಮುಗಿಸಿದ್ದೆವು.

ಸೋಮವಾರ ಮ್ಯಾನೇಜರ್ ನಮ್ಮ ಮಿಷನ್ನುಗಳ ಬಳಿ ಬಂದು ಕಾಗದಗಳನ್ನು ಹರಡಿದ. "ಊರು ನೋಡಿ ಬಂದ್ರಂತೆ. ಯಾವುದು ವಾಸಿ?"

"ಎರಡೂ ಒಂದೇ ಸಾರ್. ಅಲ್ಲೂ ನಿಮ್ಮಂಥವರೇ ಇದಾರೆ," ಎಂದಳು ಅಕ್ಕ.

ಹತ್ತು ಗಂಟೆಯಾಯಿತು. ಅಕ್ಕ ಪೆಡಲಿನಿಂದ ಕಾಲು ತೆಗೆದಳು. ನಾನು ತೆಗೆದೆ. ಸಾಲಿಗೆ ಸಾಲೇ ಮಿಷನ್ ನಿಂತವು.

"ನೀವಿಲ್ಲದಿದ್ರೆ ಆ ಊರಿಂದ ಕರೆಸ್ತೀನಿ," ಎಂದು ಮ್ಯಾನೇಜರ್ ನಮಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿ ಫೋನ್ ಮಾಡಿದ.

"ಸಾರ್, ಇಲ್ಲಿ ಎಲ್ಲ ಮಿಷನ್ ನಿಲ್ಲಿಸಿ ಕೂತಿದಾರೆ," ಎಂದಿತು ಅಲ್ಲಿಯ ಮ್ಯಾನೇಜರನ ದನಿ. ಅದರ ಹಿಂದಿನಿಂದ ಕಾಜಾದವಳ ದನಿ ಕೇಳಿಸಿತು.

"ಕಾಲರ್‌ನವಳು ಅಲ್ಲಿದಾಳಾ?"

"ಇದೀನಿ ಅಕ್ಕಾ," ಎಂದಳು ನಮ್ಮ ಅಕ್ಕ. ಅವಳ ಎರಡೂ ಕಾಲು ನೆಲದ ಮೇಲಿದ್ದವು.