ಎಬ್ಬಿಸುವವಳು

ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಅವ್ವನ ತಲೆಯ ಮೇಲೆ ಕೈಯಿಟ್ಟು ರೇಣುಕಾದೇವಿ ಮಾತು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಈಗ ಅದೇ ತಲೆಗೆ ಚರಿಗೆಯಿಂದ ನೀರು ಹಾಕುತ್ತಿದ್ದಳು. ಹಿಂದಲೆಯ ಗಾಯಕ್ಕೆ ಬೆರಳು ತಾಗಿದಾಗಲೆಲ್ಲ, ಅವ್ವನಿಗೆ ನೋಯುವುದೇನೋ ಎಂಬಂತೆ ಕೈ ತಾನಾಗಿ ಹಗುರವಾಗುತ್ತಿತ್ತು.

"ಗಟ್ಟಿ ತಿಕ್ಕವಾ, ರಕ್ತ ಕೂದಲಿಗೆ ಅಂಟೇತಿ," ಎಂದಳು ಪಕ್ಕದ ಮನೆಯ ಅನುಸೂಯಾ. ಹಿತ್ತಲಲ್ಲಿ ಅಡ್ಡ ಕಟ್ಟಿದ ಸೀರೆಯ ಒಂದು ಸೆರಗನ್ನು ಅವಳೇ ಹಿಡಿದು ನಿಂತಿದ್ದಳು.

ಸೀರೆಯ ಆಚೆಯಿಂದ ಅಣ್ಣ ಯಂಕೇಶನ ದನಿ ಬಂತು. "ಲಗೂ ಮಾಡ್ರಿ. ಸಿದ್ದಾಪುರದವರು ಬಂದು ಕುಂತಾರ."

ಸಿದ್ದಾಪುರದವರು ಎಂದರೆ ಯಂಕೇಶನ ಮಗಳನ್ನು ನೋಡಿ ಒಪ್ಪಿ ಹೋದವರು. ಮಾತುಕತೆ ಮುಗಿದಿರಲಿಲ್ಲ. ಅಷ್ಟರಲ್ಲಿ ಅವ್ವ ಮುದಕಮ್ಮ ಬೆಳಗಿನ ಜಾವ ಓಣಿಯಲ್ಲಿ ಬಿದ್ದು ಸತ್ತಿದ್ದಳು. ಕಟ್ಟೆಯ ಮೇಲಿಂದ ಕಾಲು ಜಾರಿತು, ಗಟಾರದ ಕಲ್ಲಿಗೆ ತಲೆ ಬಡಿಯಿತು ಎಂದು ಬಂದವರಿಗೆಲ್ಲ ಯಂಕೇಶ ಹೇಳುತ್ತಿದ್ದ. ಅವನಿಗೆ ಗೊತ್ತಿದ್ದದ್ದೂ ಅಷ್ಟೆ.

ಮೈಗೆ ನೀರು ಹಾಕಲು ಸೀರೆ ಸಡಿಲಿಸುವಾಗ ರೇಣುಕಾ ಅವ್ವನ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಕೆಳಗೆ ಗುಳಿಗೆಯ ಪಟ್ಟಿ ಮಡಚಿಕೊಂಡು ಕೂತಿತ್ತು. ಹೆಸರು ಬರೆದ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಅವಳು ಅದನ್ನು ತಿರುಗಿಸಿ ನೋಡುವಷ್ಟರಲ್ಲಿ ಅನುಸೂಯಾ ಸೆರಗು ಬಿಟ್ಟು ಬಂದು ಕಸಿದು ತನ್ನ ಸೊಂಟಕ್ಕೆ ಸಿಗಿಸಿಕೊಂಡಳು.

"ನೀ ನೋಡಿಲ್ಲ, ನಾ ಕೊಟ್ಟಿಲ್ಲ. ತಿಳೀತಿಲ್ಲ? ನಿಮ್ಮವ್ವ ನಿನಗೂ ಆಣಿ ಹಾಕ್ಯಾಳ, ನನಗೂ ಹಾಕ್ಯಾಳ."

"ಅನಸಕ್ಕಾ, ಅವ್ವ ಸತ್ತಾಳ."

"ಅದಕ್ಕ ಹೇಳಾಕತ್ತೀನಿ. ಸತ್ತಾಕಿ ಮಾನ ಉಳೀಬೇಕು."

ರೇಣುಕಾ ಮತ್ತೆ ಚರಿಗೆ ತುಂಬಿದಳು.

* * *

ಮುದಕಮ್ಮನಿಗೆ ನಿದ್ದೆ ಹೋದದ್ದು ಗಂಡ ಯಂಕೋಬನಿದ್ದಾಗಲೇ. ಮರಳಿ ಊರಿನ ಗದ್ದೆಗಳಿಗೆ ಕಾಲುವೆ ನೀರಿನ ಪಾಳಿ ರಾತ್ರಿ ಬರುತ್ತಿತ್ತು. ಅವನು ಸಲಿಕೆ ಹಿಡಿದು ಹೋದರೆ ಬರುವವರೆಗೆ ಅವಳು ಕಾಯುತ್ತಿದ್ದಳು. ಅವನು ಕಾಮಾಲೆ ಬಂದು ಸತ್ತ. ಕಾಯುವುದು ಮಾತ್ರ ನಿಲ್ಲಲಿಲ್ಲ.

ಓಣಿಗೆ ಇದು ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಮೊದಲು ಬಂದಳು. ಆಮೇಲೆ ಗಂಗಾವತಿಗೆ ಹಾಲು ಒಯ್ಯುವವರು, ನಾಟಿಗೆ ಹೆಣ್ಣಾಳು ಕರೆದೊಯ್ಯುವ ಟ್ರ್ಯಾಕ್ಟರಿನವನು, ಹೆರಿಗೆಯಾದ ಮನೆಯವರು, ಮೊದಲ ಬಸ್ಸಿಗೆ ಹೋಗುವವರು. ನಿನಗೆ ಯಾಕೆ ನಿದ್ದೆ ಬರುವುದಿಲ್ಲ ಎಂದು ಅವರಲ್ಲಿ ಯಾರೂ ಕೇಳಲಿಲ್ಲ. ಎಷ್ಟು ಗಂಟೆಗೆ ಎಬ್ಬಿಸಬೇಕು ಎಂದು ಹೇಳಿ ಹೋಗುತ್ತಿದ್ದರು.

ಎಲ್ಲರ ಕೈಗೂ ಮೊಬೈಲು ಬಂದ ಮೇಲೂ ಅದು ತಪ್ಪಲಿಲ್ಲ. ಅನುಸೂಯಾಳ ಮಗ ಕಲ್ಲೇಶ ಕೊಪ್ಪಳದ ಕಡೆಯ ಫ್ಯಾಕ್ಟರಿಯಲ್ಲಿ ಮೊದಲ ಪಾಳಿಯವನು. "ಮೊಬೈಲ್ ಬಡಕೊಂಡ್ರ ಬಂದ್ ಮಾಡಿ ಮಕ್ಕೋಬಹುದು," ಎನ್ನುತ್ತಿದ್ದ. "ಮುದಕಮ್ಮತ್ತೀನ್ನ ಬಂದ್ ಮಾಡಾಕ ಬಟನ್ನ ಇಲ್ಲಲ್ಲ." ಓಣಿಯೆಲ್ಲ ನಗುತ್ತಿತ್ತು, ಮುದಕಮ್ಮನೂ ನಗುತ್ತಿದ್ದಳು. ಗಂಡ ಸತ್ತ ಹೆಂಗಸಿನ ಬಾಗಿಲಿಗೆ ದಿನಾ ಮಂದಿ ಬರುತ್ತಾರೆ ಎಂಬ ಹೆಮ್ಮೆ ಅವಳಿಗಿತ್ತು.

ಹಗಲು ಅವಳು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಒಮ್ಮೆ ನಾಟಿಯ ಸಾಲಿನಲ್ಲಿ ಬಗ್ಗಿದವಳು ಸಸಿ ಹಿಡಿದುಕೊಂಡೇ ತೂಕಡಿಸಿ ಕೆಸರಿಗೆ ಮುಖ ಹಾಕಿದ್ದಳು. ಅದಕ್ಕೂ ಎಲ್ಲರೂ ನಕ್ಕರು.

ಮಗಳ ಮುಂದೆ ಮಾತ್ರ ಒಂದು ದಿನ ಹೇಳಿದಳು. ರೇಣುಕಾಳದು ಕುಕನೂರಿನಲ್ಲಿ ಗಂಡನ ಮನೆ. ಹೊಲಿಗೆ ಮಷಿನ್ನಿನ ಕೆಲಸ. ಹಬ್ಬಕ್ಕೆ ಬಂದಿದ್ದಳು.

"ತಲ್ಯಾಗ ಗಿರಣಿ ನಡದಂಗ ಆಗತೈತಿ ರೇಣಿ. ನಿಲ್ಲವಲ್ದು. ಅನಸವ್ವ ಒಂದು ಗುಳಿಗಿ ಕೊಟ್ಟಾಳ. ಆಕಿ ಗಂಡಗ ಆಪರೇಶನ್ ಆದಾಗ ಡಾಕ್ಟರು ನಿದ್ದಿಗೆ ಬರದಿದ್ರಂತ, ಉಳದಾವು. ನುಂಗಿದೆ. ಸತ್ತಂಗ ಮಲಗಿದ್ದೆ ನೋಡು."

"ಮಂದಿ ಗುಳಿಗಿ ಯಾಕ ನುಂಗ್ತಿ ಬೇ? ಅಣ್ಣಗ ಹೇಳ್ತೀನಿ, ದವಾಖಾನಿಗೆ ತೋರಸ್ಲಿ."

ಅವ್ವ ಮಗಳ ಕೈಯನ್ನು ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡದ್ದು ಆಗಲೇ. "ಹೇಳಿದ್ರ ನನ್ನಾಣಿ. ನಿದ್ದಿ ಗುಳಿಗಿ ಅಂದ್ರ ಹುಚ್ಚಿನ ಗುಳಿಗಿ ಅಂತಾರ. ನಾಳೆ ಮೊಮ್ಮಗಳಿಗೆ ಗಂಡು ಬಂದ್ರ, ಆ ಮನಿತನದಾಗ ತಲಿ ಕೆಟ್ಟಾಕಿ ಅದಾಳ ಅಂತ ಹೊಳ್ಳಿ ಹೋಗ್ತಾರ. ಮಾತು ಕೊಡು."

ರೇಣುಕಾ ಕೊಟ್ಟಳು.

* * *

ಕೊಟ್ಟ ಮಾತಿಗೆ ತೊಂದರೆಯಾಗದ ಹಾಗೆ ಒಮ್ಮೆ ಒಬ್ಬಳೇ ಕೊಪ್ಪಳದ ದವಾಖಾನೆಗೆ ಹೋಗಿ ಸರತಿಯಲ್ಲಿ ನಿಂತಿದ್ದಳು. ಒಳಗಿದ್ದವರು ಕನ್ನಡಕದ ಹೆಣ್ಣು ಡಾಕ್ಟರು.

"ನಮ್ಮವ್ವಗ ನಿದ್ದಿ ಬರಂಗಿಲ್ರಿ. ಒಂದು ಚೀಟಿ ಬರದು ಕೊಡ್ರಿ ಸಾಕು."

"ನಿಮ್ಮವ್ವ ಎಲ್ಲಿ?"

"ಊರಾಗ ಅದಾಳ್ರಿ."

"ಹಂಗಾರ ಯಾರನ್ನ ನೋಡಿ ಬರೀಲಿ?" ಡಾಕ್ಟರು ಸಿಟ್ಟಾಗಲಿಲ್ಲ. ಹೊರಗೆ ಅಷ್ಟು ಮಂದಿಯಿದ್ದರೂ ಪೆನ್ನು ಕೆಳಗಿಟ್ಟರು. "ನಿದ್ದಿ ಯಾಕ ಬರವಲ್ದು ಅಂತ ಮೊದಲ ಗೊತ್ತಾಗಬೇಕವಾ. ಬಿ.ಪಿ. ಗುಳಿಗಿ ತಗೊಂತಾರೇನು? ಮಲಗಿದಾಗ ಉಸಿರು ಕಟ್ಟತೈತೇನು? ಮನಸ್ನಾಗ ಏನರ ಕೊರಿಯಾಕತ್ತೈತೇನು? ಇವೆಲ್ಲ ಅವರ ಬಾಯಿಂದ ಕೇಳಬೇಕು. ಗುಳಿಗಿ ಇಲ್ದನೂ ನಿದ್ದಿ ತರಸಾಕ ದಾರಿ ಅದಾವು. ಬೇಕ ಬೇಕು ಅಂದ್ರ ನಾನ ಬರೀತೀನಿ, ಸಣ್ಣ ಡೋಸು, ಸ್ವಲ್ಪ ದಿನಕ್ಕ. ಆಮ್ಯಾಲ ಮತ್ತ ಕರಕೊಂಡು ಬಂದು ತೋರಸಬೇಕು."

ರೇಣುಕಾ ಬಾಗಿಲ ಕಡೆ ನೋಡಿದಳು.

"ಮಂದಿ ಗುಳಿಗಿ ನುಂಗಾಕತ್ತಾರೇನು?"

ಅವಳು ಕೆಳಗೆ ನೋಡಿದಳು.

"ವಯಸ್ಸಾದವರು ಇದನ್ನ ನುಂಗಿ ನಡುವ ಎದ್ರ ಕಾಲು ನೆಲಕ್ಕ ನಿಲ್ಲಂಗಿಲ್ಲ. ನುಂಗಿದ್ರ ಬೆಳಗಾಗುತನ ಹಾಸಗಿ ಬಿಡಬಾರದು. ಭಾಳ ದಿನದಿಂದ ತಗೊಂತಿದ್ರ ತಾವ ಒಮ್ಮೆಲೆ ಬಿಡೂದೂ ಬ್ಯಾಡ. ಕರಕೊಂಡು ಬರ್ರಿ, ಅಷ್ಟ."

ಆ ದಿನವೇ ಮರಳಿಗೆ ಹೋಗಿ ಅವ್ವನ ಕಾಲು ಹಿಡಿದಳು. ಅವ್ವ ಕೇಳಲಿಲ್ಲ. "ಆ ಬಾಗಲ ಮುಂದ ಕುಂತಿದ್ದು ಯಾರರ ನೋಡಿದ್ರ ಮುಗೀತು. ಮತ್ತ, ಬೆಳಗಾಗುತನ ಏಳಬಾರದು ಅಂದ್ರ ಕಲ್ಲೇಶನ್ನ ಯಾರು ಎಬ್ಬಸ್ತಾರ?"

ಅನುಸೂಯಾಳ ಗಂಡ ಲಕ್ಷ್ಮಣಪ್ಪನ ಹೊಟ್ಟೆಯ ಹೊಲಿಗೆ ಎಂದೋ ಮಾಯ್ದಿತ್ತು. ಅವನ ಹೆಸರಿನ ಚೀಟಿ ಮಾತ್ರ ಮಡಿಕೆಯಲ್ಲಿ ಹರಿಯುವವರೆಗೆ ಪೇಟೆಗೆ ಹೋಗಿ ಬರುತ್ತಿತ್ತು. ಹರಿದ ಮೇಲೆ ಅಂಗಡಿಯವನು ಗುರುತಿನವನು ಎಂಬುದೇ ಚೀಟಿಯಾಯಿತು. ನಿನ್ನೆ ಮಧ್ಯಾಹ್ನ ಅವ್ವ ಫೋನಿನಲ್ಲಿ, "ಒಂದು ಗುಳಿಗಿ ಹತ್ತವಲ್ದು, ಇವತ್ತ ಎರಡು ನುಂಗ್ತೀನಿ," ಎಂದಿದ್ದಳು. ಬೇಡವೆಂದು ರೇಣುಕಾ ಬೈದಿದ್ದಳು. ಬೈದು ಫೋನ್ ಇಟ್ಟಿದ್ದಳು. ಅಣ್ಣನಿಗೆ ಫೋನ್ ಮಾಡಿರಲಿಲ್ಲ.

* * *

ಮುದಕಮ್ಮನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಹೊರಗೆ ಗಂಡಸರು ಅವಳ ಗುಣಗಾನ ನಡೆಸಿದ್ದರು.

"ಒಂದ ದಿನ ತಪ್ಪಿಸಿದಾಕಿ ಅಲ್ಲ ನೋಡ್ರಿ. ಚಳಿ ಅನ್ನಲಿಲ್ಲ, ಮಳಿ ಅನ್ನಲಿಲ್ಲ."

"ಪುಣ್ಯಾತ್ಗಿತ್ತಿ. ಸಾಯೂ ಹೊತ್ತಿನ್ಯಾಗೂ ಮಂದೀನ್ನ ಎಬ್ಬಸಾಕ ಹೊಂಟಿದ್ಲು."

"ಇನ್ನ ಮ್ಯಾಲ ಕಲ್ಲೇಶನ ನೌಕರಿ ಉಳಿಯೂದು ಡೌಟು," ಎಂದನೊಬ್ಬ. ತಡೆದ ನಗೆ ಒಳಗೂ ಕೇಳಿಸಿತು.

ಹಾಡಿ ಅಳುವ ಹೆಂಗಸು ಏನು ಬೇಕಾದರೂ ಅನ್ನಬಹುದು. ಮೈದುನ ಹೊಲ ನುಂಗಿದ್ದು, ಸೊಸೆ ಹಳಸಿದ್ದು ಬಡಿಸಿದ್ದು, ಎಲ್ಲ ಆ ಧಾಟಿಯಲ್ಲಿ ಹೊರಗೆ ಬರುತ್ತದೆ. ನಡುವೆ ಯಾರೂ ತಡೆಯುವುದಿಲ್ಲ, ಮರುದಿನ ಯಾರೂ ಜಗಳಕ್ಕೆ ಬರುವುದಿಲ್ಲ. ಅದರಲ್ಲಿ ಸೇರಿಸಿ ಹೇಳಿದರೆ ಹೇಳಿದಂತೆಯೂ ಆಗುತ್ತದೆ, ಮಾತು ಮುರಿದಂತೆಯೂ ಆಗುವುದಿಲ್ಲ ಎಂದುಕೊಂಡಳು ರೇಣುಕಾ. ಅವ್ವನ ಮೊಣಕಾಲಿಗೆ ಹಣೆ ಹಚ್ಚಿ ದನಿ ತೆಗೆದಳು.

"ಓಣಿಗೆಲ್ಲ ಬೆಳಗ ಮಾಡಿದಿ ನನ್ನ ಹಡದವ್ವಾ... ನಿನ್ನ ಕಣ್ಣಿಗೆ ಕತ್ತಲ ಇರಲಿಲ್ಲ ನನ್ನವ್ವಾ... ಮಂದಿ ಗುಳಿಗಿ ನಿನ್ನ ನುಂಗಿತಲ್ಲ ನನ್ನವ್ವಾ... ಎರಡು ನುಂಗಿ ಎದ್ದು ಹೋದ್ಯಲ್ಲ ನನ್ನವ್ವಾ..."

ಅನುಸೂಯಾಳ ಅಳು ತಟ್ಟನೆ ನಿಂತಿತು. ಉಳಿದವರದು ನಿಲ್ಲಲಿಲ್ಲ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ, "ಎಷ್ಟ ಅರ್ಥ ಇಟ್ಟು ಅಳತಾಳ ನೋಡು. ಹೊಟ್ಟ್ಯಾಗ ಹುಟ್ಟಿದ್ರ ಇಂಥಾ ಮಗಳು ಹುಟ್ಟಬೇಕು," ಎಂದು ಕಣ್ಣೊರೆಸಿಕೊಂಡಳು.

ಹೊರಗೆ ಹಲಗೆ ಬಡಿಯತೊಡಗಿದರು. ಹೊತ್ತುಕೊಂಡು ಹೋದರು.

* * *

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಅವ್ವ ಕೂತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಒಬ್ಬೊಬ್ಬರಾಗಿ ಹೊರಟರು. ಸಿದ್ದಾಪುರದವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅವರಿಗೆ ಯಂಕೇಶ ತಾನೇ ಕಪ್ಪು-ಬಸಿ ಹಿಡಿದು ಕೊಡುತ್ತಿದ್ದ.

ಅವ್ವನ ತಂಗಿ ಹುಲಿಗೆಮ್ಮ ಹೊಸಿಲ ಬಳಿ ಅನುಸೂಯಾಳ ಮುಂದೆ ಕೂತಿದ್ದಳು. "ನನಗರ ಎಲ್ಲಿ ನಿದ್ದಿ ಐತಿ ಯವ್ವಾ. ಅಕ್ಕಂದ ನನಗ ಬಂದೈತಿ. ಇನ್ನ ಮ್ಯಾಲಂತೂ ಆಕೀನ ಕಣ್ಣಮುಂದ ಬರ್ತಾಳ."

ಅನುಸೂಯಾ ಸೊಂಟದಿಂದ ಪಟ್ಟಿ ತೆಗೆದು ಅವಳ ಅಂಗೈಯಲ್ಲಿಟ್ಟು ಮುಚ್ಚಿದಳು. ಅದು ತನ್ನ ಕೈಯಿಂದ ಹೋದರೆ ಸಾಕಾಗಿತ್ತೋ, ನಿಜಕ್ಕೂ ಕನಿಕರವೋ, ಅವಳಿಗೇ ಗೊತ್ತು. "ಇಟ್ಕೋರಿ. ಈಗ ಅಂಗಡ್ಯಾಗ ಚೀಟಿ ಇಲ್ದ ಹೊಸಬರಿಗೆ ಕೊಡಂಗಿಲ್ಲ."

ರೇಣುಕಾ ನೋಡಿದಳು. ಕಟ್ಟೆಯ ಮೇಲಿದ್ದವರ ಕಡೆಗೂ ಒಮ್ಮೆ ನೋಡಿದಳು.

"ಚಿಗವ್ವಾ, ಅದನ್ನ ಇತ್ತ ಕೊಡು."

"ಯಾಕ? ನಿನಗೂ ಬೇಕೇನು?"

"ಅವ್ವ ಕಾಲು ಜಾರಿ ಬಿದ್ದಿಲ್ಲ." ಹಾಡಿನ ಧಾಟಿಯಿಲ್ಲದ ಬರಿಯ ಮಾತು. ಚಹಾದ ಬಸಿಗಳು ಅಲ್ಲಲ್ಲೇ ನಿಂತವು. "ಅವ್ವಗ ನಿದ್ದಿ ಬರ್ತಿರಲಿಲ್ಲ. ವರ್ಷಗಟ್ಲೆ ಇದನ್ನ ನುಂಗತಿದ್ಲು, ಯಾವ ಡಾಕ್ಟರಿಗೂ ತೋರಸ್ದನ. ನಿನ್ನಿ ಎರಡು ನುಂಗ್ಯಾಳ. ಆ ಅಮಲಿನ್ಯಾಗ ಕಲ್ಲೇಶನ್ನ ಎಬ್ಬಸಾಕ ಎದ್ದು ಹೋಗ್ಯಾಳ. ಅದಕ್ಕ ಬಿದ್ಲು. ನನಗ ಗೊತ್ತಿತ್ತು."

ಮೊದಲು ಮಾತಾಡಿದವನು ಕಲ್ಲೇಶ. "ನನ್ನ ಹೆಸರು ಯಾಕ ತರ್ತಿ ಬೇ ಅಕ್ಕ? ಎಬ್ಬಸು ಅಂತ ಯಾವಾಗೋ ಒಮ್ಮೆ ಹೇಳಿದ್ದೆ. ದಿನಾ ಹೇಳಿಲ್ಲ."

"ನಾ ಛಲೋ ಆಗ್ಲಿ ಅಂತ ಕೊಟ್ಟಿದ್ನೆವಾ," ಎಂದಳು ಅನುಸೂಯಾ, ಯಾರನ್ನೂ ನೋಡದೆ.

ಸಿದ್ದಾಪುರದ ಹಿರಿಯ ಬಸಿ ಕೆಳಗಿಟ್ಟು ಎದ್ದ. "ಬರ್ತೀವ್ರಿ ಯಂಕೇಶಪ್ಪ. ಹೊತ್ತಾತು." ಒಳಗೆ ಬಂದು ದೀಪ ನೋಡಲಿಲ್ಲ. ಅವನ ಕಡೆಯವರೂ ಹಿಂದೆಯೇ ಚಪ್ಪಲಿ ಮೆಟ್ಟಿದರು. ಯಂಕೇಶ ಓಣಿಯ ತಿರುವಿನವರೆಗೆ ಅವರ ಜೊತೆ ಹೋಗಿ, ಒಬ್ಬನೇ ಬಂದ.

"ಸಮಾಧಾನ ಆತಿಲ್ಲ ನಿನಗ?" ಎಂದ. "ಅವ್ವನ್ನ ಹುಚ್ಚಿ ಮಾಡಿದಿ. ನನ್ನ ಮಗಳ ಬಾಯಾಗ ಮಣ್ಣು ಹಾಕಿದಿ. ಇದನ್ನ ಹ್ವಾದ ವರ್ಷ ಹೇಳಿದ್ರ ಅವ್ವರ ಉಳೀತಿದ್ಲು. ಇವತ್ತು ಹೇಳಿ ಯಾರನ್ನ ಉಳಿಸಿದಿ?"

ರೇಣುಕಾ ಹುಲಿಗೆಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಚಿಗವ್ವಾ, ಕೊಪ್ಪಳಕ್ಕ ನಾನ ಕರಕೊಂಡು ಹೋಗ್ತೀನಿ. ನಿನ್ನ ನೋಡಿ ಡಾಕ್ಟರು ಏನು ಬರೀತಾರ, ಅದನ್ನ ತಗೊಳ್ಳುವಂತಿ. ಇದನ್ನ ಕೊಡು."

ಹುಲಿಗೆಮ್ಮ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಎರಡು ನುಂಗಿದ್ದಕ್ಕ ಹಂಗಾತಿಲ್ಲ? ನಾ ಅರ್ಧ ನುಂಗ್ತೀನಿ. ಅರ್ಧಕ್ಕ ಏನಾಗತೈತಿ?"

ರೇಣುಕಾ ಸೆರಗು ಸರಿಸಿ, ಚಿಗವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಒಂದು ಬಿಡಿಸಿದರೆ ಇನ್ನೊಂದು ಮಡಚಿಕೊಳ್ಳುತ್ತಿತ್ತು. ಯಾರೂ ನೆರವಿಗೆ ಬರಲಿಲ್ಲ.

ಅವ್ವನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.