ಒಂದು ಮೊರ ತೌಡಿನ ಕೂಸು

ಪಟಾಲಮ್ಮನಿಗೆ ಮೂರು ಕೂಸು ಹುಟ್ಟಿ ಮೂರೂ ಸತ್ತಿದ್ದವು. ಐವತ್ತೆಂಟನೇ ಇಸವಿಯಲ್ಲಿ ನಾಲ್ಕನೆಯದು ಹುಟ್ಟಿದಾಗ ಅವಳ ಅತ್ತೆ ಅಕ್ಕಯ್ಯಮ್ಮ ಅಮೃತಹಳ್ಳಿಯ ಹೆಂಗಸರೆಲ್ಲ ಮಾಡುವುದನ್ನೇ ಮಾಡಿದಳು. ಕೂಸನ್ನು ಮೊರದಲ್ಲಿ ಮಲಗಿಸಿ, ಎದುರುಮನೆಯ ಮುನಿಕೆಂಪಮ್ಮನಿಗೆ ಒಂದು ಮೊರ ತೌಡಿಗೆ ಮಾರಿದಳು. ಮಾರಿದ ಕೂಸಿನ ತಂಟೆಗೆ ಸಾವು ಬರುವುದಿಲ್ಲ ಅನ್ನುವ ನಂಬಿಕೆ. ಸಂಜೆಗೆ ವಾಪಸ್ ತರುವುದು ಶಾಸ್ತ್ರ. ಆದರೆ ಅಂದೇ ಪಟಾಲಮ್ಮನಿಗೆ ಬಾಣಂತಿ ಸನ್ನಿ ಹಿಡಿಯಿತು. ಯಾರನ್ನು ಕಂಡರೂ ಕಚ್ಚಲು ಬರುತ್ತಿದ್ದವಳನ್ನು ಯಲಹಂಕದ ತವರಿಗೆ ಸಾಗಿಸಿದರು. ಕೂಸು ಮುನಿಕೆಂಪಮ್ಮನ ಎದೆಯಲ್ಲೇ ಉಳಿಯಿತು. ಅವಳ ಸ್ವಂತ ಮಗು ಹಿಂದಿನ ವಾರ ಸತ್ತು, ಹಾಲು ಸುಮ್ಮನೆ ಸೋರುತ್ತಿತ್ತು. ಕೂಸಿಗೆ ತೌಡಪ್ಪ ಎಂದೇ ಹೆಸರಾಯಿತು.

ತೌಡಪ್ಪ ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಪಟಾಲಮ್ಮ ಗುಣವಾಗಿ ಬಂದಳು. ಅವಳ ಗಂಡ ಬ್ಯಾಟರಾಯಪ್ಪ ದೊಣ್ಣೆ ಹಿಡಿದು ಎದುರುಮನೆಗೆ ನುಗ್ಗಿದ.

"ನಮ್ ಕೂಸು ಕೊಡಮ್ಮಿ."

"ತೌಡು ಕೊಟ್ಟು ತಗೊಂಡಿದೀನಿ," ಎಂದಳು ಮುನಿಕೆಂಪಮ್ಮ. "ನಿಮ್ಮವ್ವ ಆ ತೌಡ್ನ ಎಮ್ಮೆಗೆ ಆಕವ್ಳೆ. ಓಗಿ ಎಮ್ಮೇನ ಕೇಳು."

"ನಾಲ್ಗೆ ಸೀಳ್ಬುಡ್ತೀನಿ!"

ಅಡ್ಡ ಬಂದ ಮುನಿಕೆಂಪಮ್ಮನ ಗಂಡ ಚಿಕ್ಕಮಾರಯ್ಯನ ತಲೆಗೆ ದೊಣ್ಣೆ ಬಿತ್ತು. ರಕ್ತ ಕಣ್ಣಿಗಿಳಿದರೂ ಆತ ಬ್ಯಾಟರಾಯಪ್ಪನ ಕತ್ತು ಹಿಸುಕಿದ. ಇಬ್ಬರೂ ತಿಪ್ಪೆಯ ಮೇಲೆ ಹೊರಳಾಡುವಾಗ ಅಕ್ಕಯ್ಯಮ್ಮ ಒಳನುಗ್ಗಿ ಕೂಸನ್ನು ಕಿತ್ತುಕೊಂಡಳು. ನಿಜವಾಗಿಯೂ ಕಿತ್ತಳು. ತೌಡಪ್ಪನ ಮುಷ್ಟಿಯಲ್ಲಿ ಮುನಿಕೆಂಪಮ್ಮನ ಕೂದಲು ಬುಡಸಮೇತ ಬಂದಿತ್ತು.

ಹೆತ್ತವಳ ಮನೆಯಲ್ಲಿ ಕೂಸು ಏನನ್ನೂ ನುಂಗಲಿಲ್ಲ. ಹಸುವಿನ ಹಾಲು ಉಗಿಯಿತು, ರಾಗಿ ಸರಿ ಉಗಿಯಿತು. ಪಟಾಲಮ್ಮ ಹತ್ತಿರ ಬಂದರೆ ಅತ್ತು ಅತ್ತು ನೀಲಿಗಟ್ಟುತ್ತಿತ್ತು. ಎದುರುಮನೆಯಿಂದ ಮುನಿಕೆಂಪಮ್ಮನ ದನಿ ಕೇಳಿದರೆ ಬಾಗಿಲಿಗೆ ತೆವಳುತ್ತಿತ್ತು. ಹೊಸ್ತಿಲಿಗೆ ಬಿದ್ದು ಹಣೆ ಒಡೆದುಕೊಂಡಿತು.

"ಇದೂ ಸಾಯ್ತದೆ," ಎಂದಳು ಪಟಾಲಮ್ಮ.

"ಆ ಮುಂಡೆ ಸೀರೆ ವಾಸ್ನೆ ಇಡ್ಕೊಂಡದೆ, ಅಷ್ಟೇಯ," ಎಂದಳು ಅಕ್ಕಯ್ಯಮ್ಮ ಮಗನಿಗೆ. "ಆ ಸೀರೇನ ತಂದು ಇವ್ಳಿಗೆ ಒದ್ಸು. ಕೂಸಿಗೇನ್ ಗೊತ್ತಾಗ್ತದೆ?"

ಗೊತ್ತಾಗದಿದ್ದದ್ದು ಮುದುಕಿಗೆ.

ಬಾವಿಯ ಹತ್ತಿರ ಜಕ್ಕೂರು ಮೈದಾನದಿಂದ ಹಾರಿದ ಪುಟ್ಟ ವಿಮಾನ ನೋಡುತ್ತ ನಿಂತಿದ್ದ ಜನರೆಲ್ಲ ಗದ್ದಲಕ್ಕೆ ಇತ್ತ ತಿರುಗಿದರು. ಬ್ಯಾಟರಾಯಪ್ಪ ನೀರಿಗೆ ಬಂದಿದ್ದ ಮುನಿಕೆಂಪಮ್ಮನ ಸೀರೆಗೆ ಕೈ ಹಾಕಿದ್ದ. ಅವಳು ಕೊಡ ಬೀಸಿ ಅವನ ಹಲ್ಲು ಉದುರಿಸಿದಳು. ಆದರೂ ಅರ್ಧ ಸೀರೆ ಹರಿದು ಅವನ ಕೈಗೆ ಬಂತು. ಒಬ್ಬ ಗಂಡಸೂ ಬಿಡಿಸಲು ಬರಲಿಲ್ಲ.

ಮನೆಯಲ್ಲಿ ಪಟಾಲಮ್ಮ ಆ ಹರಿದ ಸೀರೆ ಹೊದ್ದು ಕೂತಳು. ತೌಡಪ್ಪ ತೆವಳಿಕೊಂಡು ಬಂದ. ಮಡಿಲಿಗೆ ಮುಖವಿಟ್ಟು ಸುಮ್ಮನಾದ. ಆಮೇಲೆ ಅವನು ತಲೆ ಎತ್ತಿ ಅವಳ ಮುಖ ನೋಡಿದ. ಕಿರುಚಿಕೊಂಡು, ಆಗ ತಾನೆ ಮೂಡಿದ್ದ ಹಲ್ಲುಗಳನ್ನು ಅವಳ ಕೆನ್ನೆಗೆ ಊರಿದ.

"ಎತ್ತೋಳ್ನೇ ಕಚ್ತೀಯ, ಬೇವರ್ಸಿ!"

ಬ್ಯಾಟರಾಯಪ್ಪ ಕೂಸಿನ ಮೇಲೆ ಕೈ ಎತ್ತಿದ. ಆ ಕೈ ಕೆಳಗಿಳಿಯುವ ಮೊದಲೇ ಪಟಾಲಮ್ಮ ಪಕ್ಕದ ಒನಕೆ ಬೀಸಿದಳು. ಮೊಣಕೈ ಮುರಿದ ಸದ್ದು ಬೀದಿಗೆ ಕೇಳಿಸಿತು.

"ಸನ್ನಿ ತಿರ್ಗಾ ಬಂತಲ್ಲಪ್ಪೋ!" ಅಕ್ಕಯ್ಯಮ್ಮ ಬಾಯಿ ಬಡಿದುಕೊಂಡಳು.

"ಊಂ ಕಣತ್ತೆ, ಬಂತು. ಅತ್ರ ಬಾ, ನಿಂಗೂ ಕೊಡ್ತೀನಿ."

ಪಟಾಲಮ್ಮ ಕೂಸನ್ನೆತ್ತಿಕೊಂಡು ಎದುರುಮನೆಗೆ ನಡೆದಳು. ಮುನಿಕೆಂಪಮ್ಮ ಪೊರಕೆ ತೆಗೆದುಕೊಂಡಳು. ಬೆನ್ನು, ಕತ್ತು, ತಲೆ ಎನ್ನದೆ ಬಾರಿಸಿದಳು. ಪಟಾಲಮ್ಮ ಕೂಸಿಗೆ ಏಟು ತಾಗದಂತೆ ಬಗ್ಗಿದಳೇ ಹೊರತು ಹಿಂದೆ ಸರಿಯಲಿಲ್ಲ.

"ಒಡಿಯಕ್ಕ. ಒಡ್ದು ಸಾಕಾದ್ಮೇಲೆ ಇದ್ಕೆ ಆಲು ಕೊಡು."

ಪೊರಕೆ ನಿಂತಿತು. ತೌಡಪ್ಪ ಮುನಿಕೆಂಪಮ್ಮನ ತೋಳಿಗೆ ಹಾರಿ, ಎದೆ ಕಚ್ಚಿಕೊಂಡು ಕುಡಿಯತೊಡಗಿದ. ಮುನಿಕೆಂಪಮ್ಮ ಕೂಸಿನೊಂದಿಗೆ ನೆಲಕ್ಕೆ ಕೂತಳು. ಪಟಾಲಮ್ಮ ಅವಳ ಪಕ್ಕದಲ್ಲೇ ಕುಕ್ಕರಿಸಿದಳು.

"ಇನ್ನೂ ಯಾಕೆ ಕೂತಿದೀಯೆ?"

"ದಿನಾ ಬತ್ತೀನಕ್ಕ. ಅದು ನಿನ್ ಮಡ್ಲಾಗೇ ಇರ್ಲಿ. ನನ್ ಮಕ ಅದ್ಕೆ ಗುರ್ತಾಗೋಗಂಟ ಇಂಗೇ ಕೂತ್ಕೋತೀನಿ."

ಕೂಸು ಕುಡಿಯುತ್ತಲೇ ಕಾಲು ಝಾಡಿಸಿ, ರಕ್ತ ಸುರಿಯುತ್ತಿದ್ದ ಪಟಾಲಮ್ಮನ ಕೆನ್ನೆಗೆ ಒದೆಯಿತು. ಮುನಿಕೆಂಪಮ್ಮ ಕಾಲು ಹಿಡಿಯಹೋದಳು.

"ಇಡೀಬ್ಯಾಡಕ್ಕ, ಒದೀಲಿ," ಎಂದಳು ಪಟಾಲಮ್ಮ. "ಕಾಲಾದ್ರೂ ತಾಕ್ತದಲ್ಲ."